ದಮ್ಮು ಕಡಿದ ಜಾಗ

"ಕಬಡ್ಡಿ ಟೀಮಿಗೆ ಮಾಲೀಸು ಮಾಡಾಕಿ ಯಾಕವಾ? ನಾವೇನು ಪೈಲ್ವಾನ್ರನ್ನ ಕರ್ಕೊಂಡು ಹೊಂಟೀವಾ?"

ನಾರಾಯಣಪೇಟೆಯಿಂದ ಬಸ್ಸು ಹೊರಡುವಾಗಲೇ ಕೋಚ್ ತಾಯಣ್ಣ ಹೀಗೆ ಕೇಳಿದ್ದರು. ಹುಡುಗಿಯರೆಲ್ಲ ಗೊಳ್ಳೆಂದು ನಕ್ಕರು. ಶೈಲಜಾ ತಾನೂ ನಕ್ಕಳು, ಆದರೆ ತೊಡೆಯ ಮೇಲಿದ್ದ ಕುಸುಬಿ ಎಣ್ಣೆಯ ಬಾಟಲಿಯನ್ನು ಬಿಗಿಯಾಗಿ ಹಿಡಿದುಕೊಂಡಳು.

"ಇದೊಂದು ಮ್ಯಾಚ್ ನೋಡ್ತೀನಿ. ಕೆಲಸಕ್ಕ ಬಂದ್ರ ಟೀಮಿನಾಗ ಇರು. ಇಲ್ಲಂದ್ರ ನಿನ್ನ ಎಣ್ಣಿ ಬಾಟ್ಲಿ ತಗೊಂಡು ಮನಿ ಸೇರು."

"ಆತ್ರಿ ಸರ್," ಎಂದಳು. ಅಷ್ಟು ಸಿಕ್ಕಿದ್ದೇ ಅವಳಿಗೆ ಹಬ್ಬವಾಗಿತ್ತು. ಆಡಲು ಆಗದಿದ್ದರೇನು, ಅಂಗಳದ ಬದಿಗಾದರೂ ನಿಲ್ಲಬಹುದಲ್ಲ!

ಐದು ವರ್ಷದ ಹಿಂದೆ, ತೆಲಂಗಾಣ ಹುಟ್ಟಿದ ವರ್ಷವೇ, ಗದ್ವಾಲದ ಮೈದಾನದಲ್ಲಿ ಅವಳ ಮೊಣಕಾಲು ತಿರುಚಿತ್ತು. ಆಗಲೂ ಕೋಚ್ ತಾಯಣ್ಣನವರೇ. "ಸ್ಪ್ರೇ ಹೊಡಿ, ಪಟ್ಟಿ ಕಟ್ಟು, ಇಳಿ" ಎಂದಿದ್ದರು. ಅವಳು ಇಳಿದಳು. ಅದೇ ಅವಳ ಕೊನೆಯ ಆಟವಾಯಿತು. ಒಳಗೆ ಕೀಲಿನ ಕಟ್ಟು ಪೂರಾ ಹರಿದುಹೋಗಿತ್ತು.

ಆಪರೇಷನ್ ಆಗಿ ಮನೆಯಲ್ಲಿ ಬಿದ್ದುಕೊಂಡಿದ್ದಾಗ ದಿನಾ ಬೆಳಿಗ್ಗೆ ಪೂಜೆ ಮುಗಿಸಿ ಅಜ್ಜಿ ಶಿವಬಸಮ್ಮ ಎಣ್ಣೆ ಹಚ್ಚಲು ಕೂಡುತ್ತಿದ್ದಳು. "ಸುಮ್ನ ಅಳಬ್ಯಾಡ. ವಚನ ಹೇಳು," ಎನ್ನುತ್ತಿದ್ದಳು. ಶೈಲಜಾ ಹೇಳುವಳು. ಅಜ್ಜಿಯ ಹೆಬ್ಬೆರಳು ತೊಡೆಯಿಂದ ಮೆಲ್ಲಗೆ ಇಳಿಯುವುದು. ಎಲ್ಲಿ ಮಾತು ತೊಡರಿತೋ ಅಲ್ಲೇ ಬೆರಳು ನಿಲ್ಲುವುದು.

"ಇಲ್ಲೇನ?"

"ಇಲ್ಲಜ್ಜಿ, ಅಲ್ಲೇನೂ ಇಲ್ಲ."

"ನಿನ್ನ ಬಾಯಿ ಇಲ್ಲ ಅಂತೈತಿ, ದನಿ ಇಲ್ಲೇ ಅಂತೈತಿ. ನಾ ಯಾರ ಮಾತು ಕೇಳ್ಲೇ?"

ಮುಂದೆ ಶೈಲಜಾ ಹೈದರಾಬಾದಿಗೆ ಹೋಗಿ ಆಟಗಾರರ ಮೈಕೈ ತಿದ್ದುವ ವಿದ್ಯೆಯನ್ನೇ ಕಲಿತಳು. ಸ್ನಾಯುಗಳ ಹೆಸರು ಅಲ್ಲಿ ಕಲಿತಿದ್ದು, ಕಿವಿಗೊಟ್ಟು ಕೇಳುವುದು ಅಜ್ಜಿಯಿಂದ ಬಂದದ್ದು.

ಮಕ್ತಲದ ಮೈದಾನ ಕಿಕ್ಕಿರಿದಿತ್ತು. ರಾಜ್ಯಕ್ಕೆ ಐದು ತುಂಬಿದ ದಿನ, ನಾರಾಯಣಪೇಟೆ ಜಿಲ್ಲೆಗೆ ಇನ್ನೂ ನಾಲ್ಕು ತಿಂಗಳೂ ತುಂಬಿರಲಿಲ್ಲ. ಮೊದಲು ಪಾಲಮೂರು ಜಿಲ್ಲೆ ಅಂತ ಒಂದೇ ಇತ್ತು, ತಂಡವೂ ಒಂದೇ. ಈಗ ಸುಣ್ಣದ ಗೆರೆಯ ಆಚೆ ಗದ್ವಾಲ, ಈಚೆ ನಾರಾಯಣಪೇಟೆ. ಆಚೆ ನಿಂತವರಲ್ಲಿ ಧರೂರಿನ ಕುರುಬರ ಹುಡುಗಿ ಅಖಿಲಾ ಇದ್ದಳು. ಹಳೆಯ ತಂಡದಲ್ಲಿ ಎಲ್ಲರಿಗಿಂತ ಚಿಕ್ಕವಳು, ಶೈಲಜಾಳ ತಟ್ಟೆಯಲ್ಲೇ ಉಂಡವಳು.

ಆಟವೆಂದರೆ ಆಟ! ಒಂದು ಪಾಯಿಂಟ್ ಅವರಿಗೆ, ಒಂದು ಇವರಿಗೆ. ತಾಯಣ್ಣ ಬೆನ್ನು ತಿರುಗಿಸಿ ನೀರು ಕುಡಿಯುತ್ತಿದ್ದರೂ ಕಿವಿ ಅಂಗಳದಲ್ಲೇ. ದಾಳಿಗೆ ಬಂದವಳ ದಮ್ಮು ಕಡಿದರೆ ಸಾಕು, ರೆಫ್ರಿಯ ಸೀಟಿಗಿಂತ ಮುಂಚೆ ಇವರ ಬಾಯಿಂದ "ಔಟ್!" ಬೀಳುತ್ತಿತ್ತು. ಆ ಕಿವಿಗೆ ಸುತ್ತಲಿನ ಹತ್ತೂರಲ್ಲಿ ಹೆಸರಿತ್ತು.

ಕೊನೆಯ ಹೊತ್ತಿಗೆ ಎರಡೂ ಕಡೆ ಸಮ. ಆಗ ಅಖಿಲಾ ಮೀನಖಂಡ ಹಿಡಿದುಕೊಂಡು ದೊಪ್ಪನೆ ಬಿದ್ದಳು.

"ಶೈಲಕ್ಕಾ! ಅಕ್ಕಾ!"

ಶೈಲಜಾಳ ಕಾಲು ಅವಳನ್ನು ಕೇಳಲೇ ಇಲ್ಲ. ಗೆರೆ ದಾಟಿ ಓಡಿಬಿಟ್ಟಿತು. ಜನ ಹೋ ಎಂದರು. ರೆಫ್ರಿ ಗಾಬರಿಯಾಗಿ ಅಡ್ಡ ಬಂದ. "ನೀವು ಯಾ ಟೀಮ್‌ರೀ?"

"ಪಾಲಮೂರು," ಎಂದಳು ಶೈಲಜಾ.

ಇಡೀ ಮೈದಾನ ನಕ್ಕಿತು. ಅವಳು ಆಗಲೇ ಅಖಿಲಾಳ ಕಾಲು ಹಿಡಿದಿದ್ದಳು. "ನಿಮ್ಮವ್ವ ಹಾಡೋ ಬೀರಪ್ಪ ದೇವರ ಪದ ಬರ್ತೈತಲ್ಲ, ಹೇಳು."

ಅಖಿಲಾ ಹಲ್ಲು ಕಚ್ಚಿ ಶುರು ಮಾಡಿದಳು. ಬೆರಳು ಮೀನಖಂಡದ ನಡುವಿಗೆ ಬಂದಾಗ ದನಿ ತೊಡರಿತು. ಹೆಬ್ಬೆರಳು ಅಲ್ಲೇ ಒತ್ತಿ ನಿಂತಿತು, ಪದ ಮುಂದೆ ಸಾಗಿದಂತೆ ಗಂಟು ಬೆಣ್ಣೆಯಂತೆ ಸಡಿಲಿತು. ಎದ್ದವಳೇ ದಾಳಿಗೆ ಬಂದ ಅಖಿಲಾ ನಾರಾಯಣಪೇಟೆಯ ಇಬ್ಬರನ್ನು ಮುಟ್ಟಿ, ಜಿಂಕೆಯ ಹಾಗೆ ಜಿಗಿದು ವಾಪಸು ಹೋದಳು.

ತಾಯಣ್ಣ ಟವೆಲ್ಲನ್ನು ನೆಲಕ್ಕೆ ಒಗೆದರು. "ಶಾಬಾಸ್! ಎಣ್ಣಿ ನಮ್ಮದು, ಕಾಲು ಅವರದು!"

ಎರಡು ಪಾಯಿಂಟ್ ಹಿಂದೆ. ಉಳಿದಿರುವುದು ಒಂದೇ ದಾಳಿ. ಅದಕ್ಕೆ ಇದ್ದವಳು ಕಾವ್ಯ, ತಂಡದ ಮಿಂಚು. ಆದರೆ ಕಾವ್ಯ ಸಿದ್ಧವಾಗಿ ನಿಲ್ಲಲು ಹೋಗಿ ಕುಸಿದಳು. ತಾಯಣ್ಣ ಟೈಮ್ ಔಟ್ ಕೇಳಿದರು.

"ನರ ಹಿಡದೈತಿ ಅಷ್ಟ. ಜಲ್ದಿ ತಿಕ್ಕಕ್ಕಾ!" ಎಂದಳು ಕಾವ್ಯ.

"ವಚನ ಹೇಳು."

"ನನಗ್ಯಾವುದೂ ಬರಂಗಿಲ್ಲ."

"ಕಬಡ್ಡಿ ಬರ್ತೈತಲ್ಲ? ಅದನ್ನೇ ಹೇಳು. ದಾಳಿಗೆ ಹೋದಂಗ, ಒಂದೇ ದಮ್ಮಿನಾಗ."

"ಕಬಡ್ಡಿ ಕಬಡ್ಡಿ ಕಬಡ್ಡಿ..." ಹೆಬ್ಬೆರಳು ಮೀನಖಂಡ ಹತ್ತಿತು. ದಮ್ಮು ಗಟ್ಟಿ. ಮೊಣಕಾಲಿನ ಹಿಂಬದಿ ಬಳಸಿತು. ಗಟ್ಟಿ. ಒಳಮಗ್ಗುಲಿಗೆ ಬಂದು ಹೂವಿಟ್ಟಷ್ಟೇ ಹಗುರಾಗಿ ಮುಟ್ಟಿತು.

"ಕಬ—"

ಶೈಲಜಾಳ ಹೆಬ್ಬೆರಳು ಅಲ್ಲೇ ನಿಂತಿತು. ಅವಳದು ಹರಿದದ್ದೂ ಅಲ್ಲೇ.

"ಸರ್, ಕಾವ್ಯ ಇಳಿಯಂಗಿಲ್ಲರಿ. ನರ ಅಲ್ಲ ಇದು, ಕೀಲಿನ ಕಟ್ಟು. ಈಗ ಇಳಿದ್ರ ಪೂರಾ ಹರೀತೈತಿ."

"ಏನಂದಿ? ಅವರ ಕಾಲು ನೆಟ್ಟಗ ಮಾಡಿದಿ, ಈಗ ನಮ್ಮ ಕಾಲು ಕಿತ್ಕೋತೀಯಾ? ಗದ್ವಾಲದವ್ರು ಕಳಿಸ್ಯಾರೇನ್ ನಿನ್ನ? ಸ್ಪ್ರೇ ಹೊಡಿ, ಪಟ್ಟಿ ಕಟ್ಟು!"

ಅವೇ ಮಾತು, ಅದೇ ದನಿ. ಪಟ್ಟಿ ಕೈಯಲ್ಲೇ ಇತ್ತು. ಕಟ್ಟಿದರೆ ತಂಡದಲ್ಲಿ ಜಾಗ ಉಳಿದೀತು. ಕಾವ್ಯಳ ಕಾಲು ಉಳಿಯದು. ಶೈಲಜಾ ಪಟ್ಟಿಯನ್ನು ಕೆಳಗಿಟ್ಟಳು.

"ನನ್ನ ಮಾತು ಬ್ಯಾಡ್ರಿ ಸರ್. ಅತ್ತಾಗ ತಿರುಗಿ ನಿಂದರ್ರಿ, ಸುಮ್ನ ಕೇಳ್ರಿ."

ಸಿಟ್ಟಿನಲ್ಲೇ ತಾಯಣ್ಣ ಬೆನ್ನು ತಿರುಗಿಸಿದರು. ಕಾವ್ಯ ಎದೆ ತುಂಬ ಉಸಿರು ಎಳೆದುಕೊಂಡಳು. "ಕಬಡ್ಡಿ ಕಬಡ್ಡಿ ಕಬಡ್ಡಿ ಕಬ—"

"ಔಟ್!"

ತಾಯಣ್ಣ ಬೇಕೆಂದು ಹೇಳಿದ್ದಲ್ಲ ಅದು. ಅವರ ಕಿವಿಗೆ ಬಿದ್ದದ್ದೇ ಬಾಯಿಗೆ ಬಂದುಬಿಟ್ಟಿತ್ತು. ತಾವೇ ಬೆಚ್ಚಿ ಹಿಂತಿರುಗಿದರು. ಕಾವ್ಯಳ ಮೊಣಕಾಲಿನ ಮೇಲಿದ್ದ ಹೆಬ್ಬೆರಳನ್ನು ನೋಡಿದರು. ಕಾವ್ಯಳ ಕಣ್ಣಲ್ಲಿ ನೀರು. ಆಮೇಲೆ ಶೈಲಜಾಳ ಮುಖ ನೋಡಿದರು, ತುಸು ಹೊತ್ತು. ಬೆಂಚಿನ ಮೇಲೆ ಉಗುರು ಕಚ್ಚುತ್ತಿದ್ದ ಉಟ್ಕೂರಿನ ಹುಡುಗಿಯ ಕಡೆ ಕೈ ಮಾಡಿದರು.

"ನೀ ಹೋಗವಾ. ಹೋಗಿ ನುಗ್ಗು!"

ಶೈಲಜಾ ಅಂಗಳ ನೋಡಲಿಲ್ಲ. ಕಾವ್ಯಳ ಮೊಣಕಾಲಿಗೆ ಐಸ್ ಒತ್ತಿ ಹಿಡಿದು ಕಣ್ಣು ಮುಚ್ಚಿ ಕೂತಳು. ಜನರ ಗದ್ದಲದ ನಡುವೆ ಆ ಎಳೆಯ ದನಿ ಕೇಳುತ್ತಿತ್ತು: ಕಬಡ್ಡಿ ಕಬಡ್ಡಿ ಕಬಡ್ಡಿ. ಮುಂದೆ ನುಗ್ಗಿತು, ನಡುಗಿತು, ಮತ್ತೆ ಏರಿತು. ಮೈಗೆ ಮೈ ಅಪ್ಪಳಿಸಿದ ಸದ್ದು. ಎಳೆದಾಟ. ದನಿ ದಾರದಷ್ಟು ತೆಳ್ಳಗಾಯಿತು, ಆದರೆ ಕಡಿಯಲಿಲ್ಲ. ಶಿವನೇ, ಕಡಿಯಲೇ ಇಲ್ಲ! ಬೆರಳ ತುದಿ ಗೆರೆ ಮುಟ್ಟಿದ್ದೇ ತಡ, ಮೈದಾನ ಮುಗಿಲಿಗೆ ಎದ್ದಿತು.

ಸಿಕ್ಕಿದ್ದು ಒಂದು ಪಾಯಿಂಟ್. ಒಂದರಿಂದ ಸೋತರು. ಆದರೂ ತಾಯಣ್ಣ ಆ ಹುಡುಗಿಯನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಿದ್ದರು. "ಎಲ್ಲಿ ಅಡಗಿಸಿಟ್ಟಿದ್ದಿಲೇ ಈ ದಮ್ಮು?"

ಕಪ್ ಹಿಡಿದುಕೊಂಡು ಅಖಿಲಾ ಓಡಿ ಬಂದಳು. "ಶೈಲಕ್ಕಾ, ರಾಜ್ಯದ ಪಂದ್ಯಕ್ಕ ನಮ್ಮ ಜೋಡಿ ಬಾ! ನಮ್ಮ ಸಾರ್ ಹೂಂ ಅಂದಾರ."

"ಏ ಹುಡುಗಿ!" ತಾಯಣ್ಣ ನಡುವೆ ಬಂದು ನಿಂತರು. "ಗೆರಿ ಆಚೆ ನಿಲ್ಲು. ಕಪ್ ಒಯ್ದೀರಿ, ಅಷ್ಟಕ್ಕ ಖುಷಿ ಪಡ್ರಿ. ಆಕಿ ನಮ್ಮಾಕಿ."

ಶೈಲಜಾಳಿಗೆ ನಗು ಬಂತು. ಕಾವ್ಯಳನ್ನು ಹೆಗಲಿಗೆ ಆನಿಸಿಕೊಂಡು ಎದ್ದಳು. ಎಣ್ಣೆಯ ಬಾಟಲಿ ನೆಲದ ಮೇಲೇ ಉಳಿದಿತ್ತು. ತಾಯಣ್ಣ ಬಗ್ಗಿ ಅದನ್ನು ಎತ್ತಿಕೊಂಡು, ಮುಚ್ಚಳ ಒಮ್ಮೆ ತಿರುವಿ ಬಿಗಿ ಮಾಡಿ, ಬಸ್ಸಿನ ಕಡೆ ನಡೆದರು.

"ಮುಂದಿನ ಸೀಟು ಬಿಡ್ರಲೇ ಶೈಲಜಾಗ," ಎಂದು ಅಲ್ಲಿಂದಲೇ ಕೂಗಿದರು.