ಉಣಿಸದ ಕಲ್ಲು

ಮೆಹಕರದ ನಿಲುಗಲ್ಲಿಗೆ ನಾನು ಕಾವಲುಗಾರ. ಹೆಸರು ಕಲೀಮ, ಊರು ಬೀದರಿನ ಚಿದ್ರಿ. ಎರಡಾಳೆತ್ತರದ ಆ ಬಂಡೆಯನ್ನು ಯಾವ ಕಾಲದಲ್ಲಿ ಯಾರು ನಿಲ್ಲಿಸಿದರೋ ಯಾರಿಗೂ ಗೊತ್ತಿಲ್ಲ. ಸುತ್ತ ಮುಳ್ಳುತಂತಿ, ಸಂರಕ್ಷಿತ ಸ್ಮಾರಕ, ಅಗೆದರೆ ಜೈಲು ಎಂದು ಸಾರುವ ನೀಲಿ ಫಲಕ. ಅದನ್ನು ದಿನಾ ಓದಿ ಓದಿ ನನ್ನ ತಲೆಯೂ ಒಂದಿಷ್ಟು ತಿರುಗಿತ್ತು ಎನ್ನಿ.

ಕುರಿ ಕಾಯುವ ಬಕ್ಕಪ್ಪನ ಮನೆಯವರು ಪ್ರತಿ ವರ್ಷ ಮಳೆಗೆ ಮುಂಚೆ ಬಂದು ಕಲ್ಲಿನ ಬುಡ ಕೆದರಿ, ಎರೆಮಣ್ಣು ಬಿರಿದಲ್ಲಿ ಬುಟ್ಟಿಗಟ್ಟಲೆ ಬೆಣಚುಕಲ್ಲು ತುರುಕಿ, ಹಾರೆಯಿಂದ ಜಡಿಯುತ್ತಿದ್ದರು. ಅದಕ್ಕೆ ಕಲ್ಲಿಗೆ ಉಣಿಸುವುದು ಎನ್ನುತ್ತಿದ್ದರು. ಬಂಡೆಗೂ ಹೊಟ್ಟೆಯೇ ಎಂದು ನಕ್ಕು, ಮೂರು ವರ್ಷದ ಹಿಂದೆ ನಾನು ಗೇಟಿಗೆ ಬೀಗ ಜಡಿದೆ.

"ಹಸಿದ್ರ ಅದು ನಿಲ್ಲಲ್ರಿ ಸಾಬ್," ಎಂದ ಬಕ್ಕಪ್ಪ. ಬುಟ್ಟಿ ಹೊತ್ತು ವಾಪಸು ಹೋದ.

ಮಧ್ಯಾಹ್ನದ ನೆರಳಿಗೆಂದು ಕಲ್ಲಿನ ಮೂಡಲಿಗೆ, ತಂತಿಯ ಹೊರಬದಿಗೆ ಒತ್ತಿ, ನಾನೇ ತಗಡಿನ ಕೋಣೆ ಹಾಕಿಕೊಂಡಿದ್ದೆ. ಈ ಸಲ ಹೆಂಡತಿ ಆಯೆಶಾಳೂ ಬಂದಿದ್ದಳು, ಏಳು ತಿಂಗಳ ಬಸುರಿ. ಕೋಣೆಯ ಸುತ್ತ ಹುಲ್ಲಿದ್ದರೂ ಕುರಿಗಳು ಅತ್ತ ಸುಳಿಯಲಿಲ್ಲ. ಆಮೇಲೆ ಕಲ್ಲಿನ ನೆರಳು ಹನ್ನೆರಡಕ್ಕೇ ನಮ್ಮ ಬಾಗಿಲು ಮುಟ್ಟತೊಡಗಿತು. ತಂಪಾಯಿತೆಂದು ಖುಷಿಪಟ್ಟೆ, ಮೂರ್ಖ.

ಎರಡು ದಿನ ಮಳೆ ಹೊಡೆಯಿತು. ಮೂರನೆಯ ಬೆಳಿಗ್ಗೆ ಆಯೆಶಾ ಭಾಲ್ಕಿಯ ದವಾಖಾನೆಗೆಂದು ಬಸ್ಸಿಗೆ ಹೊರಟ ಮೇಲೆ ನೋಡುತ್ತೇನೆ, ಪಡುವಣ ಬುಡದಲ್ಲಿ ನನ್ನ ತೋಳು ಹಿಡಿಸುವಷ್ಟು ಸಂದು. ಕಲ್ಲು ಕೋಣೆಯತ್ತ ವಾಲಿತ್ತು. ಅವಳು ತಿರುಗಿ ಬರುವುದರೊಳಗೆ ಉಣಿಸಿಬಿಡಬೇಕು ಎಂದು ಫಲಕ, ನೌಕರಿ ಎಲ್ಲ ಮರೆತು ಓಡಿ ಬಕ್ಕಪ್ಪನ ಕಾಲು ಹಿಡಿದೆ.

ಅವನು ಬಂದ. ಕಲ್ಲಿಗೆ ಅಂಗೈ ಒತ್ತಿ ಕಣ್ಣು ಮುಚ್ಚಿದ. ಬುಟ್ಟಿಯನ್ನು ಕೆಳಗಿಡಲೇ ಇಲ್ಲ.

"ತಡಾ ಆಗ್ಯದರಿ. ಈಗ ಹಾರಿ ಹಾಕಿದ್ರ ಬೀಳ್ತದ. ಹಿಂದಕ್ಕ ಸರೀರಿ."

ಆಗ ಕೋಣೆಯೊಳಗೆ ಪಾತ್ರೆ ಸದ್ದಾಯಿತು. ಮಳೆಗೆ ಬಸ್ಸೇ ಬಂದಿರಲಿಲ್ಲ. ನಾನು ಊರೊಳಗೆ ಹೋಗಿದ್ದಾಗ ಆಯೆಶಾ ಮರಳಿದ್ದಳು. ನನಗಿಂತ ಮೊದಲು ಬಕ್ಕಪ್ಪನೇ ಕೂಗಿದ:

"ತಂಗೀ, ಲಗೂ ಹೊರಗ ಬಾರವ್ವಾ!"

"ಬಂದ್ನಿ ಕಾಕಾ, ಹಾಲು ಉಕ್ಕಲಿಕತ್ತದ. ಇಳಿಸಿ ಬರ್ತೇನಿ."

ಕಲ್ಲು ಕದಲಿದ್ದು ಕಂಡು ನಾನು ಅದನ್ನು ಎರಡೂ ತೋಳಿಂದ ತಬ್ಬಿಕೊಂಡೆ. ಹಿಡಿದು ನಿಲ್ಲಿಸಲಾಗದೆಂದು ಗೊತ್ತಿತ್ತು. ಆದರೂ ಕೆಸರಿಗೆ ಹಿಮ್ಮಡಿ ಊರಿ, ಅಲ್ಲಾಹನನ್ನು ಕರೆಯುತ್ತ ಎಳೆದೆ. ತಣ್ಣಗಿನ ಆ ಬಂಡೆ ನನ್ನ ಎದೆಯಿಂದ ಮೆಲ್ಲಗೆ, ಬಹಳ ಮೆಲ್ಲಗೆ, ದೂರ ಸರಿಯಿತು.