ಲಾಂಡ್ರಿಗೆ ಬಂದ ತಾತ

ನಮ್ಮ ಅತ್ತೆಯ ಪ್ರಕಾರ ಲೋಕದಲ್ಲಿರುವುದು ಎರಡೇ ಬಗೆ: ಒಗೆದದ್ದು, ಒಗೆಯಬೇಕಾದದ್ದು. ಮದುವೆಯಾಗಿ ಈ ಲಾಂಡ್ರಿಗೆ ಕಾಲಿಟ್ಟ ದಿನ ನನ್ನನ್ನು ಮುಡಿಯಿಂದ ಅಡಿಯವರೆಗೆ ನೋಡಿ ಎರಡನೆಯ ಗುಂಪಿಗೆ ಸೇರಿಸಿದ್ದರು. ಅಂಥವರ ಅಂಗಳಕ್ಕೆ ನನ್ನ ಗಂಡ ಒಂದು ಬೆಳಿಗ್ಗೆ ಕೆಸರು ಮೆತ್ತಿದ ಮುದಿ ಕುದುರೆಯನ್ನು ಟ್ರಕ್ಕಿನಲ್ಲಿ ಹಾಕಿಸಿಕೊಂಡು ಬಂದಾಗ, ಇವತ್ತು ಈ ಮನೆಯಲ್ಲಿ ತಾಯಿಯೋ ಮಗನೋ ಒಬ್ಬರೇ ಉಳಿಯುವುದು ಎಂದುಕೊಂಡೆ.

ಕುದುರೆ ದೊಡ್ಡ ರಸ್ತೆಯ ಪಕ್ಕದ ಚರಂಡಿಯಲ್ಲಿ ಬಿದ್ದಿತ್ತಂತೆ. ಯಾರೋ ವರ್ಷಗಟ್ಟಲೆ ಗಾಡಿಗೆ ಕಟ್ಟಿ ದುಡಿಸಿ, ಲಾರಿ ತಗುಲಿದ ಮೇಲೆ ಅಲ್ಲೇ ಬಿಟ್ಟು ಹೋಗಿದ್ದರು. ಮುಂಗಾಲಿನ ಮಂಡಿ ಸುಲಿದು ಕೆಂಪಗಾಗಿತ್ತು, ಸೊಂಟ ಒಂದು ಕಡೆಗೆ ವಾಲಿತ್ತು.

"ಎಲ್ಲಿಂದ ತಂದ್ಯೋ ಈ ಕೊಳೆ ಮೂಟೆನ?" ಎಂದರು ಅತ್ತೆ.

"ಅಲ್ಲೇ ಬಿಟ್ಟಿದ್ರೆ ಸಂಜೆಯೊಳಗೆ ಸತ್ತೋಗ್ತಿತ್ತು ಅಮ್ಮ."

ಅತ್ತೆ ಟ್ರಕ್ಕಿನ ಹತ್ತಿರ ಹೋಗಿ ಅದರ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಗದ್ದದ ಕೂದಲೆಲ್ಲ ನರೆತಿತ್ತು. "ವಯಸ್ಸಾಯ್ತು ಅಂತ ಚರಂಡಿಗೆ ಹಾಕೋದಾ? ಅವರ ಮನೆ ಹಾಳಾಗ! ನಿಂತ್ಕೊಂಡು ಏನ್ ನೋಡ್ತಿದ್ದೀಯಾ, ತಾತನ್ನ ಇಳಿಸು" ಎಂದರು. ಅಲ್ಲಿಗೆ ಅದರ ನಾಮಕರಣವೂ ಮುಗಿಯಿತು.

ಪಶುವೈದ್ಯೆ ಬಂದು ಮೈಯೆಲ್ಲ ಒತ್ತಿ ನೋಡಿದರು. "ಮೂಳೆ ಮುರಿದಿಲ್ಲ, ಪುಣ್ಯ. ಆದ್ರೆ ಸೊಂಟದಲ್ಲಿ ಬಲ ಇಲ್ಲ. ಈಗ ಮಲಗಿದ್ರೆ ಮತ್ತೆ ಏಳಲ್ಲ. ಹೊಟ್ಟೆಗೆ ಪಟ್ಟಿ ಹಾಕಿ ಮೇಲಿಂದ ಆಧಾರ ಕೊಡಿ, ಕಾಲು ಮಾತ್ರ ನೆಲ ಮುಟ್ಟಲಿ" ಎಂದರು. ಆಮೇಲೆ ದನಿ ತಗ್ಗಿಸಿ, "ಪಟ್ಟಿ ಬಿಚ್ಚಿದ ಮೇಲೆ ತಾನಾಗೇ ಮಲಗಿ ತಾನಾಗೇ ಎದ್ರೆ ಬದುಕಿದ ಹಾಗೆ. ಏಳೋಕಾಗ್ಲಿಲ್ಲ ಅಂದ್ರೆ ನರಳಿಸೋದು ಬೇಡ. ನಾನೇ ಬಂದು ಇಂಜೆಕ್ಷನ್ ಕೊಡ್ತೀನಿ" ಎಂದರು.

ಲಾಂಡ್ರಿಯಲ್ಲಿ ಏನಿಲ್ಲದಿದ್ದರೂ ರಾಟೆಯಿದೆ. ನೆನೆದ ಬಟ್ಟೆಯ ಗಂಟನ್ನು ಎತ್ತಲು ಮಾಡಿನ ಕಬ್ಬಿಣದ ತೊಲೆಗೆ ಸರಪಳಿ ಹಾಕಿದ್ದೇವೆ. ಬಟ್ಟೆ ಸಾಗಿಸುವ ಹಳೆಯ ಕ್ಯಾನ್ವಾಸ್ ಚೀಲಗಳನ್ನು ಬಿಚ್ಚಿ, ಮೂರು ಪದರ ಸೇರಿಸಿ ನಾನು ಪಟ್ಟಿ ಹೊಲಿದೆ. ಅದನ್ನು ಸರಪಳಿಗೆ ಸಿಕ್ಕಿಸಿದ ಮೇಲೆ ತಾತ, ಒಗೆಯುವ ಮಷೀನಿಗೂ ಇಸ್ತ್ರಿ ಮೇಜಿಗೂ ನಡುವೆ ದೊಡ್ಡ ಗಿರಾಕಿಯ ಹಾಗೆ ನಿಂತುಕೊಂಡಿತು. ಎದುರುಮನೆಯ ಬಡಗಿ ಕಾಲಡಿಗೆಂದು ಮರದ ಹೊಟ್ಟು ತಂದು ಸುರಿದ. ತರಕಾರಿಯವಳು ಕ್ಯಾರೆಟ್ ಸೊಪ್ಪನ್ನು ಕೇಳದೆಯೇ ಬಾಗಿಲಲ್ಲಿಟ್ಟು ಹೋಗತೊಡಗಿದಳು. ಬೆಡ್‌ಶೀಟು ತಡವಾದರೆ ಹಾರಾಡುತ್ತಿದ್ದ ಹೋಟೆಲ್ ಮ್ಯಾನೇಜರ್ ಕೂಡ, "ತಾತ ಹೇಗಿದೆ?" ಎಂದು ಕೇಳಿ ಫೋನ್ ಇಡುತ್ತಿದ್ದರು. ಇವರನ್ನೆಲ್ಲ ನಾನು ಎಷ್ಟು ಸಲ ಬೈದುಕೊಂಡಿದ್ದೆನೋ. ಈಗ ನೆನೆದರೆ ಕೈಮುಗಿಯಬೇಕೆನಿಸುತ್ತದೆ.

ಸೊಂಟ ಸುಧಾರಿಸತೊಡಗಿತು. ಮಂಡಿಯ ಗಾಯ ಮಾತ್ರ ಹಿಡಿದ ಹಟ ಬಿಡಲಿಲ್ಲ. ಒಣಗುವ ಬದಲು ಬೆಳ್ಳಗೆ ಮೆತ್ತಗಾಗಿ, ಸುತ್ತಲಿನ ಚರ್ಮವೂ ಬಿಟ್ಟುಕೊಳ್ಳತೊಡಗಿತು. ಔಷಧಿ ಬದಲಾಯಿತು, ಕಟ್ಟು ಬದಲಾಯಿತು, ಗಾಯ ಬದಲಾಗಲಿಲ್ಲ. ಪಶುವೈದ್ಯೆ ಬಗ್ಗಿ ಮೂಸಿ ನೋಡಿದರು.

"ಇದಕ್ಕೇನು ಹಾಕ್ತಿದ್ದೀರಾ?"

ಅತ್ತೆ ಹೆಮ್ಮೆಯಿಂದಲೇ ಹೇಳಿದರು. "ನೀವು ಕೊಟ್ಟಿದ್ದು ಬಿಟ್ರೆ ಬೇರೇನೂ ಹಾಕಿಲ್ಲ ಡಾಕ್ಟರಮ್ಮ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಬಿಸಿನೀರಿಗೆ ಒಂಚೂರು ವಾಷಿಂಗ್ ಸೋಡಾ ಹಾಕಿ ಚೆನ್ನಾಗಿ ತೊಳೀತೀನಿ. ಕೊಳೆ ಅನ್ನೋದು ಒಂದು ಕಣ ಇಲ್ಲ, ನೋಡಿ ಬೇಕಾದ್ರೆ."

"ಅಯ್ಯೋ ಅಮ್ಮಾ! ಇದು ಗಾಯ, ಕಾಲರ್ ಮೇಲಿನ ಕಲೆ ಅಲ್ಲ. ಬರ್ತಿರೋ ಹೊಸ ಚರ್ಮನೆಲ್ಲ ನೀವೇ ಉಜ್ಜಿ ತೆಗೀತಿದ್ದೀರಾ. ಹೀಗೇ ಇದ್ರೆ ನಂಜು ಕೀಲಿಗೆ ಇಳಿಯುತ್ತೆ. ಆಮೇಲೆ ನನ್ನ ಕೈಲೂ ಏನೂ ಆಗಲ್ಲ."

ಅತಿಯಾದರೆ ಅಮೃತವೂ ವಿಷ ಎನ್ನುತ್ತಾರಲ್ಲ, ಹಾಗಾಗಿತ್ತು. ಬೇರೆ ಮನೆಯಲ್ಲಾಗಿದ್ದರೆ ಕೊಳಕಿನಿಂದ ಗಾಯ ಕೆಡುತ್ತಿತ್ತು, ನಮ್ಮಲ್ಲಿ ಶುಚಿಯಿಂದ ಕೆಟ್ಟಿತು. ನನಗೆ ನಗು ಬರಬೇಕಿತ್ತು. ಆದರೆ ಅತ್ತೆಯ ಮುಖ ನೋಡಿ ಬರಲಿಲ್ಲ. ಅವರು ಇಸ್ತ್ರಿ ಮೇಜಿನ ಹಿಂದೆ ಕೂತು, ಮಡಿಸಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಿಸುತ್ತಿದ್ದರು.

"ಯಾರೋ ಪಾಪಿ ಗುದ್ದಿದ್ದಕ್ಕೆ ಸಾಯ್ಲಿಲ್ಲ ಕಣೇ. ನನ್ನ ಕೈಯಿಂದ ಸತ್ತೋದ್ರೆ?" ಎಂದರು.

ನಾನು ಅವರ ಜೊತೆ ಹಾಗೆ ಕೂತದ್ದು ಅದೇ ಮೊದಲು. "ಸಾಯಲ್ಲ ಅತ್ತೆ" ಎಂದೆ, ಗೊತ್ತಿದ್ದವಳ ಹಾಗೆ.

ಅವತ್ತಿನಿಂದ ಪಶುವೈದ್ಯೆಯ ಮಾತೇ ಶಾಸನ: ಗಾಯಕ್ಕೆ ನೀರು ಸೋಕಬಾರದು, ಮೈ ತೊಳೆಯಬಾರದು. ತಾತನ ಮೈಮೇಲೆ ಹೊಟ್ಟು, ಧೂಳು, ಲದ್ದಿ ಎಲ್ಲ ಅಂಟಿತು. ಅತ್ತೆ ಹತ್ತಿರ ಹೋಗುವಾಗ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದರು. ಹಲ್ಲು ಕಚ್ಚಿಕೊಂಡು ಆ ಕೊಳೆಯನ್ನು ಸಹಿಸಿದರು. ಮಂಡಿಯ ಮೇಲೆ ಕಪ್ಪು ಹಕ್ಕಳೆ ಕಟ್ಟಿದ ದಿನ ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಪಟ್ಟಿ ಬಿಚ್ಚಿದೆವು. ತಾತ ನಿಂತಿತು, ಅಂಗಳದಲ್ಲಿ ಕುಂಟುತ್ತ ಓಡಾಡಿತು. ಆದರೆ ಮಲಗಲು ಮಾತ್ರ ಒಪ್ಪಲಿಲ್ಲ. ನಿಂತಲ್ಲೇ ತೂಕಡಿಸಿ, ಮುಂಗಾಲು ಕುಸಿದಾಗ ಬೆಚ್ಚಿ ಎಚ್ಚರವಾಗುತ್ತಿತ್ತು. ಬಿದ್ದರೆ ಏಳಲಾರೆ ಎಂಬುದು ಅದಕ್ಕೂ ಗೊತ್ತಿತ್ತೇನೋ. ಹೀಗೆ ನಿದ್ದೆಗೆಟ್ಟರೂ ಉಳಿಯಲ್ಲ, ನಾಳೆ ಬಂದು ಏನಾದರೊಂದು ತೀರ್ಮಾನ ಮಾಡೋಣ ಎಂದು ಪಶುವೈದ್ಯೆ ಫೋನಿನಲ್ಲಿ ಹೇಳಿದರು.

ಅವತ್ತು ಮಧ್ಯಾಹ್ನ ಒಳ್ಳೆಯ ಬಿಸಿಲು. ಹೋಟೆಲಿನ ಬೆಡ್‌ಶೀಟುಗಳೆಲ್ಲ ಹಗ್ಗದ ಮೇಲಿದ್ದವು. ತಾತ ಅವುಗಳ ಕೆಳಗೆ ನುಸುಳಿ, ಬಾಯ್ಲರಿನ ಬೂದಿ ಸುರಿಯುವ ಮೂಲೆಗೆ ಹೋಗಿ ನೆಲ ಮೂಸಿತು. ಒಂದು ಸುತ್ತು ತಿರುಗಿತು. ಮಂಡಿ ಮಡಚಿ ಧೊಪ್ಪನೆ ಕೆಳಗಿಳಿಯಿತು. ನಾಲ್ಕೂ ಕಾಲು ಮೇಲೆತ್ತಿ ಬೂದಿಯಲ್ಲಿ ಹೊರಳಿದ ಏಟಿಗೆ ಗೊರಸು ತಾಗಿ ಹಗ್ಗ ಕಟ್ಟಿದ್ದ ಕಂಬ ಮುರಿಯಿತು. ಬೆಳ್ಳನೆಯ ಬೆಡ್‌ಶೀಟುಗಳೆಲ್ಲ ಬೂದಿಗೆ ಬಿದ್ದವು.

ಯಾರೂ ಅತ್ತ ನೋಡಲಿಲ್ಲ. ತಾತ ಮುಂಗಾಲು ಊರಿ ಏಳಲು ನೋಡಿತು. ಹಿಂಭಾಗ ಮೇಲೇಳದೆ ಮತ್ತೆ ಕುಸಿಯಿತು. ನನ್ನ ಗಂಡ ಓಡಿದರೆ ಅತ್ತೆ ಅವರ ರಟ್ಟೆ ಹಿಡಿದು ನಿಲ್ಲಿಸಿದರು.

"ಮುಟ್ಟಬೇಡ ಕಣೋ."

"ಅಮ್ಮ, ಅದಕ್ಕೆ ಆಗ್ತಿಲ್ಲ."

"ಆಗುತ್ತೆ. ಮುಟ್ಟಬೇಡ." ಹಿಡಿದ ರಟ್ಟೆ ಬಿಡಲಿಲ್ಲ.

ತಾತ ಹಾಗೇ ಮಲಗಿ ಉಸಿರು ತೆಗೆದುಕೊಂಡಿತು. ಆಮೇಲೆ ಕತ್ತು ಮುಂದೆ ಚಾಚಿ, ಒಮ್ಮೆ ನರಳಿ, ಸೊಂಟವನ್ನು ಜಗ್ಗಿ ಎತ್ತಿ, ಎದ್ದು ನಿಂತೇಬಿಟ್ಟಿತು. ಮೈ ಒದರಿದ್ದಕ್ಕೆ ನಾವು ಮೂವರೂ ಬೂದಿಮಯವಾದೆವು.

ಅತ್ತೆ ಬಿದ್ದ ಬೆಡ್‌ಶೀಟುಗಳನ್ನು ತುಳಿದುಕೊಂಡೇ ಹೋಗಿ ಅದರ ಕುತ್ತಿಗೆಯನ್ನು ತಬ್ಬಿದರು. ಕೆನ್ನೆಯನ್ನು ಆ ಕೊಳೆಗೆ ಒತ್ತಿಕೊಂಡು, "ನನ್ನನ್ನ ಉಳಿಸಿದೆಯಲ್ಲಪ್ಪಾ" ಎಂದು ಅತ್ತರು.

ಬೆಡ್‌ಶೀಟುಗಳನ್ನು ಅತ್ತೆ ಸೊಸೆ ಇಬ್ಬರೂ ಸೇರಿ ಮತ್ತೆ ಒಗೆದು ಹಾಕಿದೆವು. ಆ ಸಂಜೆ ಅತ್ತೆ ಊಟಕ್ಕೆ ಕೂತಾಗ ಅವರ ಬಲಗೆನ್ನೆಯ ಮೇಲೆ ಬೂದಿ ಹಾಗೇ ಇತ್ತು. ನಾನು ಹೇಳಲಿಲ್ಲ, ಅವರೂ ತೊಳೆಯಲಿಲ್ಲ.