ಮೇಡಂ ಪಾಲಿನ ಬಾಣಲೆ

ಶಾಲೆಯ ಅಡುಗೆಮನೆಯಲ್ಲಿ ಎರಡು ಒಲೆ. ಒಂದರ ಮೇಲೆ ರಾಕ್ಷಸನ ಹೊಟ್ಟೆಯಂಥ ಹಂಡೆ. ಎಷ್ಟು ಸುರಿದರೂ ಇನ್ನೂ ತಾ ಎನ್ನುವಂಥದ್ದು. ಇನ್ನೊಂದರ ಮೇಲೆ ಅಂಗೈಯಗಲದ ಬಾಣಲೆ. ಹಂಡೆ ಮಕ್ಕಳದು, ಬಾಣಲೆ ಕನ್ನಡಕದ ಮೇಡಂದು.

ಊಟದ ಗಂಟೆ ಹೊಡೆಯುವ ಮೊದಲು ಮೇಡಂ ರುಚಿ ನೋಡಬೇಕೆಂಬುದು ಅಲ್ಲಿಯ ಕಟ್ಟಳೆ. ಅಡುಗೆಯ ದೊಡ್ಡಮ್ಮ ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಮ್ಮೆ ಹಂಡೆ ತಳ ಹಿಡಿದಿತ್ತು. ಜೀವ ಬಾಯಿಗೆ ಬಂದು, ಒಂದಿಷ್ಟು ಈರುಳ್ಳಿ ಹುರಿದು, ಮೇಡಂಗೆಂದೇ ಬೇರೆಯಾಗಿ ಬೇಳೆ ತರಕಾರಿ ಬೇಯಿಸಿಕೊಟ್ಟಿದ್ದಳು. ಮೇಡಂ ಬಾಯಿ ಚಪ್ಪರಿಸಿದ್ದರು. ಅವತ್ತಿನ ಭಯ ಅವತ್ತಿಗೇ ಮುಗಿಯಬೇಕಿತ್ತು, ಮುಗಿಯದೆ ರೂಢಿಯಾಯಿತು. ಹಂಡೆಗೆ ಎಲ್ಲವನ್ನೂ ಒಟ್ಟಿಗೆ ಸುರಿದು, ನೀರು ಬಿಟ್ಟು ಮುಚ್ಚುವುದು. ಮನಸ್ಸಿಟ್ಟು ಹುರಿಯುವುದು ಬಾಣಲೆಗೆ ಮಾತ್ರ.

ಈಚೆಗೆ ತಟ್ಟೆಗಳು ತುಂಬಿದಂತೆಯೇ ವಾಪಸಾಗತೊಡಗಿದವು. ತಾಯಂದಿರು ಬಂದು ದೂರಿದರು.

"ದಿನಾ ನಾನೇ ತಿಂದು ನೋಡ್ತೀನಲ್ಲ, ಅಮೃತದ ಹಾಗಿರುತ್ತೆ. ಮಕ್ಕಳನ್ನ ನೀವೇ ತಲೆ ಮೇಲೆ ಕೂರಿಸ್ಕೊಂಡಿದೀರಿ," ಎಂದು ಮೇಡಂ ಗದರಿ ಕಳಿಸಿದರು. ತಟ್ಟೆ ಖಾಲಿಯಾಗದೆ ಯಾರೂ ಏಳುವಂತಿಲ್ಲವೆಂಬ ಅಪ್ಪಣೆಯೂ ಆಯಿತು.

ಆ ಮಧ್ಯಾಹ್ನ ಎಲ್ಲರೂ ಆಟಕ್ಕೆ ಓಡಿದ ಮೇಲೂ ಬೆಂಚಿನ ತುದಿಯಲ್ಲಿ ಪುಟ್ಟಿ ಕೂತೇ ಇದ್ದಳು. ದೊಡ್ಡಮ್ಮನ ತಂಗಿಯ ಮೊಮ್ಮಗಳು.

"ಕಣ್ಮುಚ್ಕೊಂಡು ನುಂಗಿಬಿಡೇ ಬಂಗಾರ."

"ಮುಚ್ಕೊಂಡೇ ಇದೀನಜ್ಜಿ. ಬಾಯಿಗೆ ಗೊತ್ತಾಗುತ್ತಲ್ಲ." ಆಮೇಲೆ ಮೆಲ್ಲಗೆ, "ನಂಗೆ ಹಠ ಜಾಸ್ತಿಯಂತೆ. ಮೇಡಂ ಹೇಳಿದ್ರು. ಹೌದಾ ಅಜ್ಜಿ?"

ಬಾಣಲೆಯ ತಳದಲ್ಲಿ ಉಳಿದಿದ್ದನ್ನು ಆಗಷ್ಟೇ ಬಳಿದು ತಿಂದಿದ್ದ ದೊಡ್ಡಮ್ಮ ಬಾಯೊರೆಸಿಕೊಂಡು, ಪುಟ್ಟಿಯ ತಟ್ಟೆಯನ್ನು ತಾನೇ ಎತ್ತಿಟ್ಟಳು.

ಮರುದಿನ ಬಾಣಲೆ ಒಲೆಯೇರಲಿಲ್ಲ. ಹಂಡೆಗೇ ಸೌಟು ಹಾಕಿ, ಬಡಿಸಿ ಮೇಡಂ ಮುಂದಿಟ್ಟಳು. ಮೇಡಂ ಒಂದು ಚಮಚ ಬಾಯಿಗಿಟ್ಟು ಮುಖ ಕಿವುಚಿದರು.

"ಇದೇನಿದು ದೊಡ್ಡಮ್ಮ, ಪಾತ್ರೆ ತೊಳೆದ ನೀರಿನ ಹಾಗಿದೆ! ಏನಾಯ್ತು ಇವತ್ತು?"

"ಇವತ್ತೇನೂ ಆಗಿಲ್ಲ ಮೇಡಂ. ಮಕ್ಕಳಿಗೆ ದಿನಾ ಇದೇ. ನಿಮಗೆ ಮಾತ್ರ ಬೇರೆ ಮಾಡ್ತಿದ್ದೆ."

ಮೇಡಂ ಕನ್ನಡಕ ತೆಗೆದರು, ಸೆರಗಿನಿಂದ ಒರೆಸಿದರು, ಮತ್ತೆ ಹಾಕಿಕೊಳ್ಳಲಿಲ್ಲ.

"ಮಕ್ಕಳನ್ನ ಬೈದುಬಿಟ್ನಲ್ಲ ನಾನು," ಎಂದರು. ತಟ್ಟೆ ಪಕ್ಕಕ್ಕೆ ಸರಿಸಿ, "ಗಂಟೆ ಆಮೇಲೆ ಹೊಡೆಸೋಣ. ಈರುಳ್ಳಿ ಎಲ್ಲಿದೆ?"

ಮೇಡಂ ಹೆಚ್ಚಿದರು, ದೊಡ್ಡಮ್ಮ ಹುರಿದು ಹುರಿದು ಹಂಡೆಗೆ ಸುರಿದಳು, ರಟ್ಟೆ ಸೋಲುವವರೆಗೆ ತಿರುವಿದಳು. ಇಬ್ಬರ ಕಣ್ಣಲ್ಲೂ ನೀರು. ಈರುಳ್ಳಿ ಘಾಟು ಜಾಸ್ತಿ ಎಂದು ಇಬ್ಬರೂ ಒಬ್ಬರಿಗೊಬ್ಬರು ಹೇಳಿಕೊಂಡರು.

ಗಂಟೆ ಹೊಡೆಯಿತು. ಸಾಲಿನ ಮುಂದೆ ನಿಂತಿದ್ದ ಪುಟ್ಟಿ ಮೂಗರಳಿಸಿ ಮೂಸಿ, ತಟ್ಟೆಯನ್ನು ಬೆನ್ನ ಹಿಂದೆ ಮಾಡಿಕೊಂಡಳು.

"ಅಜ್ಜಿ, ಇದು ಮೇಡಂ ಊಟದ ವಾಸನೆ. ನಮ್ದೆಲ್ಲಿ?"

ದೊಡ್ಡಮ್ಮ ಸೌಟು ಕೆಳಗಿಟ್ಟಳು. ಆ ತಟ್ಟೆಯನ್ನು ತಾನೇ ಮೆಲ್ಲಗೆ ಎಳೆದುಕೊಂಡು, ಅಂಚು ಮುಟ್ಟುವಷ್ಟು ಬಡಿಸಿದಳು.